ಗಂಟಲಲ್ಲಿ ನಿಂತ ತುತ್ತು

ವಿಜಯವಾಡದಲ್ಲಿ ಬಾಡಿಗೆ ಮನೆ ಸಿಗಲೆಂದು ನಾನು ಲಿಂಗಾಯತನಾದೆ. ಅದೂ ಅರ್ಧ ಗಂಟೆಯಲ್ಲಿ.

ಹುಟ್ಟಿದ್ದು ಕೊಪ್ಪಳ ಕಡೆಯ ಒಂದು ಹಳ್ಳಿಯ ಹೊಲೆಗೇರಿಯಲ್ಲಿ. ಆಟೋನಗರದ ಬ್ಯಾಂಕ್ ಶಾಖೆಗೆ ಕ್ಲರ್ಕಾಗಿ ವರ್ಗವಾಗಿ ಬಂದಿದ್ದೆ. ಮನೆ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ, "ಮೀರೇಮಿಟ್ಲು?" ಅಂದರೆ, ನೀವು ಯಾವ ಜನ? ನಿಜ ಹೇಳಿ ನಾಲ್ಕು ಮನೆ ಕಳೆದುಕೊಂಡೆ. ಐದನೆಯದಕ್ಕೆ ಹೋಗುವ ಮುನ್ನ ವಿಭೂತಿ ಬಳಿದುಕೊಂಡೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುತ್ತಾರಲ್ಲ, ಹಾಗೆ. ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು.

ಮನೆಯ ಯಜಮಾನ ಸುಬ್ಬಾರಾವ್ ಗಾರು ದೊಡ್ಡ ಶಿವಭಕ್ತರು. ನನ್ನನ್ನು ನೋಡಿ ಕೈಯೇ ಮುಗಿದುಬಿಟ್ಟರು, ರೂಮೂ ಕೊಟ್ಟರು. ಕಾರ್ತಿಕ ಸೋಮವಾರ ಊಟಕ್ಕೆ ಕರೆದು, ಪಂಕ್ತಿಯ ಮೊದಲ ಎಲೆಗೆ ಕೂರಿಸಿದರು.

ಮೊದಲ ತುತ್ತು ಗಂಟಲಲ್ಲಿ ನಿಂತಿತು. ಒಳಗೂ ಹೋಗದು, ಹೊರಗೂ ಬರದು. ಚೊಂಬು ನೀರು ಸುರಿದುಕೊಂಡೆ. ಅದು ಮೂಗಿನಿಂದ ಹೊರಟು ಪಕ್ಕದವರ ಎಲೆಯಲ್ಲಿ ಬೇಳೆ ಪಪ್ಪು ಕಲಸಿದ ಅನ್ನದ ಮೇಲೆ ಬಿತ್ತು.

ಅವತ್ತಿನಿಂದ ಅನ್ನ ಇಳಿಯಲಿಲ್ಲ.

ಕ್ಯಾನ್ಸರ್ ಅಂತ ನಾನೇ ತೀರ್ಮಾನ ಮಾಡಿದೆ. ಸೈಕಲ್ಲು ಯಾರಿಗೆ, ರೇಡಿಯೋ ಯಾರಿಗೆ ಅಂತ ಚೀಟಿ ಬರೆದಿಟ್ಟೆ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು, ಎಂಡೋಸ್ಕೋಪಿ ಮಾಡಿದರು. ಎಲ್ಲ ನಾರ್ಮಲ್. ಗಂಜಿ, ಮಜ್ಜಿಗೆಯಲ್ಲೇ ದಿನ ಕಳೆಯುತ್ತಿದ್ದೆ. ಎಷ್ಟು ಸೊರಗಿದ್ದೆನೆಂದರೆ, ಬೆಳಿಗ್ಗೆ ಬ್ಯಾಂಕಿಗೆ ಮೊದಲು ನನ್ನ ಪ್ಯಾಂಟು ಬರುತ್ತಿತ್ತು, ಹಿಂದೆ ನಾನು. ಕೊನೆಗೆ ಡಾಕ್ಟರು ವಿಶಾಖಪಟ್ಟಣದ ದೊಡ್ಡಾಸ್ಪತ್ರೆಯ ಸೈಕಿಯಾಟ್ರಿಗೆ ಚೀಟಿ ಬರೆದರು.

ಹುಚ್ಚು!

ರೈಲಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ವಿಶಾಖಪಟ್ಟಣಕ್ಕೆ ಸ್ವಲ್ಪ ಮುಂಚೆ, ದುವ್ವಾಡದಲ್ಲಿ ಇಳಿದೇಬಿಟ್ಟೆ, ವಾಪಸ್ ಹೋಗಿಬಿಡೋಣ ಅಂತ. ಗಾಡಿ ಹೊರಟಿತು. ಚೀಲ ಒಳಗೇ ಉಳಿದಿತ್ತು. ಓಡಿ ಹತ್ತಿದೆ. ನನ್ನನ್ನು ಆಸ್ಪತ್ರೆ ಮುಟ್ಟಿಸಿದ ಧೈರ್ಯವೆಂದರೆ ಆ ಚೀಲವೇ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದರು, "ತುತ್ತು ಮೊದಲು ನಿಂತಿದ್ದು ಯಾವಾಗ ಬಾಬು?"

"ಕಾರ್ತಿಕ ಸೋಮವಾರ ಮೇಡಂ."

"ಅದಕ್ಕೂ ಮೊದಲು?"

ಮೂರು ಜೋಕು ಹೇಳಿದೆ. ಅವರು ನಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ಪೆನ್ನಿಗೆ ಕ್ಯಾಪು ಹಾಕಿ ಕೆಳಗಿಟ್ಟರು. ವಿಭೂತಿಯ ಸುಳ್ಳು ಒಪ್ಪಿಕೊಂಡೆ. ಆಮೇಲೆ ನನ್ನ ಬಾಯಿಂದ ಬಂದದ್ದು ನನಗೇ ಹೊಸದು. ಎಂಟು ವರ್ಷದವನಿದ್ದೆ. ಗೌಡರ ಮನೆ ಮದುವೆ. ಪಂಕ್ತಿಯಲ್ಲಿ ಕೂತಿದ್ದೆ, ಬಾಯಲ್ಲಿ ಎರಡನೇ ತುತ್ತು. ಯಾರೋ ಕಾಲರ್ ಹಿಡಿದು ಎತ್ತಿದರು. "ಉಗುಳಲೇ" ಅಂದರು. ಉಗುಳಲಿಲ್ಲ. ನುಂಗಲೂ ಇಲ್ಲ. ಕೇರಿ ಮುಟ್ಟುವವರೆಗೆ ಅದನ್ನು ದವಡೆಯಲ್ಲಿ ಇಟ್ಟುಕೊಂಡೇ ಓಡಿದ್ದೆ.

ಡಾಕ್ಟರಮ್ಮ ಮಾತ್ರೆ ಬರೆದರು. "ಸುಳ್ಳು ಹೇಳಬೇಕಿಲ್ಲದ ಕಡೆ ಕೂತು ಉಣ್ಣು. ನಿಧಾನ ಆಗುತ್ತೆ. ತಿಂಗಳಿಗೊಮ್ಮೆ ಬಾ" ಅಂದರು.

ಸುಬ್ಬಾರಾವ್ ಗಾರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ನನ್ನ ಖಾಲಿ ಹಣೆಯನ್ನು ನೋಡಿ, "ನಮ್ಮ ತಮ್ಮನ ಮಗ ಬರ್ತಾನಂಡಿ, ರೂಮು ಬೇಕು" ಅಂದರು. ಆಟೋನಗರದಲ್ಲಿ ಲಾರಿ ಶೆಡ್ಡಿನ ಹಿಂದೆ ಒಂದು ಕೋಣೆ ಸಿಕ್ಕಿತು. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಸುತ್ತಿಗೆ ಸದ್ದಿನಲ್ಲಿ ಕೇಳಿದ್ದರೂ ಕೇಳಿಸುತ್ತಿರಲಿಲ್ಲ.

ಕಾರ್ಡು ಬರೆದು ಅವ್ವನನ್ನು ಕರೆಸಿಕೊಂಡೆ. ಎದುರುಬದುರು ಕೂತು ಉಣ್ಣುತ್ತೇವೆ. ರೊಟ್ಟಿ ಸಾರಿನಲ್ಲಿ ನೆನೆಸಿ ಕಿವುಚಿಕೊಳ್ಳುತ್ತೇನೆ. ಕೆಲವು ದಿನ ಇಳಿಯುತ್ತದೆ, ಕೆಲವು ದಿನ ಇಲ್ಲ. ಹೋದ ವಾರ ಒಂದು ಪೂರ್ತಿ ರೊಟ್ಟಿ ಇಳಿಯಿತು. ಆ ಖುಷಿಯಲ್ಲಿ, ಡಾಕ್ಟರಮ್ಮನಿಗೆ ಹೇಳಿದ ಗೌಡರ ಮನೆ ಮದುವೆಯ ಕತೆಯನ್ನು ಅವ್ವನಿಗೂ ಹೇಳಿದೆ, ನನ್ನ ಕಾಲರನ್ನು ನಾನೇ ಹಿಡಿದೆತ್ತಿ, ನಗಿಸುವ ಹಾಗೆ.

ಅವ್ವ ನಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟಳು.

"ಅವತ್ತು ನಿನ್ನ ಆ ಸಾಲಿನ್ಯಾಗ ಕುಂದ್ರಿಸಿದಾಕಿ ನಾನ, ಮಗಾ. ಹಸದಿದ್ದಿ. ಸಣ್ಣ ಹುಡುಗ, ಯಾರು ನೋಡ್ತಾರ ಅಂದಕೊಂಡೆ. ಅವತ್ತಿಂದ ಯಾರ ಲಗ್ನದಾಗೂ ನನಗ ಊಟ ಇಳದಿಲ್ಲ. ನಿಮ್ಮ ಡಾಕ್ಟರಮ್ಮಗ ಕನ್ನಡ ಬರತೈತೇನು? ಬರದಿದ್ರ ನೀನ ತೆಲುಗಿನಾಗ ಹೇಳು. ಮುಂದಿನ ಸಲ ನಾನೂ ಬರ್ತೀನಿ."