ಕಿಟಕಿಯಿಂದ ಉದುರಿದ ಹುಡಿ

ಇವತ್ತು ಇಸಳೂರಿನಲ್ಲಿ ಒಂದು ಹಳೆಯ ಮನೆ ನೋಡಲು ಹೋಗಿದ್ದೆವು, ಕೊಳ್ಳುವ ಯೋಚನೆಯಿಂದ. ಬಾಗಿಲು ದಾಟುತ್ತಲೇ ಹೊಸ ಸುಣ್ಣದ ವಾಸನೆ. ಆಮೇಲೆ ನನಗೆ ಒಂದು ಕಡೆ ನಿಲ್ಲಲೇ ಆಗಲಿಲ್ಲ.

ನಾನು ಚಿಕ್ಕವಳಿದ್ದಾಗ ಯಲ್ಲಾಪುರದ ನಮ್ಮ ಮನೆ ಮಾರಾಟಕ್ಕಿದ್ದಾಗಲೂ ಇದೇ ವಾಸನೆ. ಅದು ಮರದ ವ್ಯಾಪಾರದ ಊರು. ಮನೆ ನೋಡಲು ಬಂದವರು ಗೋಡೆಯ ಬಗ್ಗೆ ಕೇಳುತ್ತಲೇ ಇರಲಿಲ್ಲ. ಬಾಗಿಲು, ಕಿಟಕಿಗಳ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಮರ ಒಳಗೆ ಟೊಳ್ಳೇ ಎಂದು ಕಿವಿಗೊಡುತ್ತಿದ್ದರು. ಆಯಿ, ಅಂದರೆ ನನ್ನ ಅಮ್ಮ, ಸೆರಗು ಹಿಂಡುತ್ತ ಅವರ ಹಿಂದೆ, ನಾನು ಆಯಿಯ ಹಿಂದೆ. ಅಡುಗೆಮನೆಯ ಕಿಟಕಿ ಹತ್ತಿರ ಬಂದರೆ ಸಾಕು, "ಆಸರಿಗೆ ಎಂತ ಮಾಡ್ಲಿ, ಚಾ ಅಡ್ಡಿಲ್ಯಾ?" ಎಂದು ಅವರನ್ನು ಜಗುಲಿಗೆ ತಿರುಗಿಸುತ್ತಿದ್ದಳು. ಒಬ್ಬರು ಮಾತ್ರ ತಿರುಗಲಿಲ್ಲ, ಕುಟ್ಟಿಯೇಬಿಟ್ಟರು. ಹುಳ ತಿಂದ ಮರದಿಂದ ಹುಡಿ ಉದುರಿತು. ಆಯಿ ಥಟ್ಟನೆ ಸೆರಗಿನಿಂದ ಒರೆಸಿ, "ಧೂಳು, ಮತ್ತೆಂತ ಇಲ್ಲೆ" ಎಂದಳು. ಅವರು ಚಾ ಕುಡಿಯದೇ ಹೋದರು.

ಇವತ್ತು ನಮ್ಮನೆಯವರು ಕಿಟಕಿ ಕುಟ್ಟಿದಾಗ ಆ ಮನೆ ಮಾರುತ್ತಿದ್ದ ಅಕ್ಕ ಸೆರಗು ಹಿಡಿದು ನಿಂತಿದ್ದರು. ಹುಡಿ ಉದುರಿತು. ಅವರ ಕೈ ಮುಂದೆ ಬರುವ ಮೊದಲೇ ನನ್ನ ಸೆರಗು ಅಲ್ಲಿತ್ತು.

"ಎಂತ ಬಿದ್ದಿದ್ದೇ ಅದು?" ಎಂದರು ಇವರು.

"ಧೂಳು," ಎಂದೆ.