ಮೂಲಪತ್ರದ ಟ್ರಂಕಿನಲ್ಲಿ ಒಂದು ಕಾರ್ಡು

ಶಿಕಾರಿಪುರದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ದಸ್ತಾವೇಜು ಬರೆಯುವವರ ಸಾಲಿನಲ್ಲಿ ಮೂರನೆಯ ಮೇಜು ಮಧುಕೇಶ್ವರನದು. ಮೂವತ್ತೊಂದು ವರ್ಷದಿಂದ ಅಲ್ಲಿ ಕೂತು ಊರವರ ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ ಬರೆದಿದ್ದಾನೆ. ಅಕ್ಷರ ಮುತ್ತು ಪೋಣಿಸಿದ ಹಾಗೆ, ಚೆಕ್ಕುಬಂದಿ ಒಂದಡಿ ಆಚೀಚೆ ಆಗುವುದಿಲ್ಲ. ಯಾರ ಹೊಲ ಯಾರ ಹೆಸರಿಗೆ ಹೋದರೂ ಅವನ ಕೈ ತಡೆಯುತ್ತಿರಲಿಲ್ಲ. ಸ್ವಂತದ ವಿಷಯಕ್ಕೆ ಬಂದರೆ ಮಾತ್ರ ಮನುಷ್ಯ ಮಹಾ ಬಿಗಿ. ಬೀರುವಿನ ಕೀ, ಸ್ಕೂಟರಿನ ಕೀ, ಕೊನೆಗೆ ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಹಾಕಿದ ಬೀಗದ ಕೀ ಕೂಡ ಅವನ ಉಡಿದಾರದಲ್ಲೇ ನೇತಾಡಬೇಕು. ಹೆಂಡತಿ ಸುಬ್ಬಲಕ್ಷ್ಮಿ ಸೊರಬದ ಕಡೆಯವಳು. ಮದುವೆಯಾದ ಹೊಸತರಲ್ಲಿ ಈ ಗೊಂಚಲು ಕಂಡು ಬಾಯಿ ತುಂಬ ನಕ್ಕಿದ್ದಳಂತೆ.

ಇಂಥವನು ಎರಡು ವರ್ಷದ ಹಿಂದೆ ಕರೆಂಟಿನ ಕಾರು ತಂದ. ಶಿವಮೊಗ್ಗದ ಶೋರೂಮಿನಲ್ಲಿ ಕೀ ಎಲ್ಲಿ ಎಂದು ಕೇಳಿದರೆ, ಅಲ್ಲಿದ್ದ ಹುಡುಗಿ ಎಟಿಎಂ ಕಾರ್ಡಿನಂಥ ಎರಡು ಕಾರ್ಡುಗಳನ್ನು ಕೈಗಿಟ್ಟಳು. ಫೋನಿಗೂ ಒಂದು ಆ್ಯಪ್ ಹಾಕಿಕೊಟ್ಟು, ಇದೂ ಕೀನೇ ಎಂದಳು.

"ಅಮ್ಮನ ಫೋನಿಗೂ ಹಾಕಿಕೊಡ್ಲಾ ಸರ್? ಎರಡು ನಿಮಿಷದ ಕೆಲಸ."

"ಸದ್ಯ ಬೇಡಮ್ಮ," ಎಂದ ಮಧುಕೇಶ್ವರ. ಪಕ್ಕದಲ್ಲೇ ನಿಂತಿದ್ದ ಸುಬ್ಬಲಕ್ಷ್ಮಿ ಅರ್ಧ ಹೊರತೆಗೆದಿದ್ದ ಫೋನನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು.

ಊರಿಗೆ ಬಂದವನು ಮಾಡಿದ ಮೊದಲ ಕೆಲಸ ಕೇಳಿ. ಎರಡೂ ಕಾರ್ಡುಗಳ ಜೆರಾಕ್ಸ್ ತೆಗೆಸಿ ಫೈಲಿಗೆ ಹಾಕಿದ. ಒಂದು ಕಾರ್ಡನ್ನು ಪರ್ಸಿಗೆ ಸೇರಿಸಿ, ಇನ್ನೊಂದನ್ನು ಮನೆಯ ಮೂಲಪತ್ರಗಳಿರುವ ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಜೆರಾಕ್ಸ್ ತೋರಿಸಿದರೆ ಕಾರು ಬಾಗಿಲು ತೆರೆಯುತ್ತದೆಯೇ ಎಂದು ಅವನನ್ನು ಕೇಳುವವರು ಯಾರೂ ಇರಲಿಲ್ಲ. ಫೋನಿನ ಕೀ ಬೇರೆ ಅವನನ್ನು ಕುಣಿಸಿತು. ತುಳಸಿಗೆ ನೀರು ಹಾಕಲು ಹೋದರೆ ಜೇಬಿನಲ್ಲಿದ್ದ ಫೋನಿನ ವಾಸನೆ ಹಿಡಿದು ಕಾರು ಕಣ್ಣು ಮಿಟುಕಿಸಿ ಬಾಗಿಲು ಬಿಡುತ್ತಿತ್ತು. ನೆಂಟರ ಮದುವೆಗೆ ಹೊತ್ತಾಯಿತು ಎಂದು ಗಡಿಬಿಡಿಯಲ್ಲಿ ಓಡಿ ಬಂದ ದಿನ ಜಪ್ಪಯ್ಯ ಎಂದರೂ ತೆರೆಯುತ್ತಿರಲಿಲ್ಲ. ಆದರೂ ಅವನಿಗೆ ಅದರ ಮೇಲೆ ಪ್ರಾಣ. ಮೇಜಿನ ಮುಂದೆ ಕೂತ ಕಕ್ಷಿದಾರರಿಗೆ ಫೋನು ತೋರಿಸಿ, "ನೋಡ್ರಿ, ಈಗ ನಮ್ಮ ಮನೆ ಮುಂದೆ ನಿಂತಿರೋ ಕಾರು ಬೀಗ ತೆಗೀತು... ಈಗ ಹಾಕ್ಕೊಂತು," ಎನ್ನುತ್ತಿದ್ದ. ಅವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಅಷ್ಟರಲ್ಲಿ ಸುಬ್ಬಲಕ್ಷ್ಮಿ ಡ್ರೈವಿಂಗ್ ಶಾಲೆಗೆ ಸೇರಿದಳು. ಐವತ್ತೆರಡರ ವಯಸ್ಸು. ಕಲಿಸಿದವನು ಕುಪ್ಪಗಡ್ಡೆಯ ಮಾಳೇಶ. ಅವಳು ಕಲಿತದ್ದಕ್ಕೆ ಕಾರಣ ಒಬ್ಬಳೇ, ಅಕ್ಕ ಶ್ರೀಲತಾ. ತಾಯಿ ಬೇಗ ತೀರಿಹೋದ ಮೇಲೆ ಸುಬ್ಬಲಕ್ಷ್ಮಿಗೆ ಜಡೆ ಹಾಕಿ, ಊಟಕ್ಕಿಟ್ಟು, ಶಾಲೆಗೆ ಕಳಿಸಿದವಳು ಆ ಅಕ್ಕ. ಈಗ ಚಂದ್ರಗುತ್ತಿಯಲ್ಲಿ ಮಗ ಚಿನ್ಮಯನ ಜೊತೆ ಇದ್ದಳು. ಎರಡು ವರ್ಷದಿಂದ ಹೃದಯದ ಕಾಯಿಲೆ. ಫೋನಿನಲ್ಲಿ ಅಕ್ಕತಂಗಿಯರದು ಒಂದೇ ಮಾತು.

"ನಾನೇ ಕಾರ್ ಬಿಟ್ಕಂಡು ಬರ್ತೀನಿ ಅಕ್ಕ. ನಿನ್ನ ಪಕ್ಕದಲ್ಲಿ ಕೂರ್ಸ್ಕಂಡು ಬನವಾಸಿ ತಂಕ ಒಂದು ಸುತ್ತು."

"ಮೊದ್ಲು ಲೈಸೆನ್ಸ್ ತಗಳೇ ಮಾರಾಯ್ತಿ, ಆಮೇಲೆ ಬನವಾಸಿ."

ಲೈಸೆನ್ಸು ಬಂತು. ಮಾಳೇಶ ಮನೆಗೇ ಬಂದು ಹೇಳಿ ಹೋದ. "ಅಮ್ಮಾರ್ ಕೈ ಭಾಳ ಸಮ ಐತಿ ಸರ್. ಅಂಜೋರಲ್ಲ, ಅವಸರ ಮಾಡೋರೂ ಅಲ್ಲ. ಗಾಡಿ ಕೊಡ್ರಿ ನೀವು."

ಮಧುಕೇಶ್ವರ ಹೂಂ ಎಂದ. ಅವಳು ಕಾರ್ಡು ಕೇಳಿದಾಗ, "ಮೂಲ ಯಾವತ್ತೂ ಕೈ ಬಿಡಬಾರದು ಕಣೇ. ನಾನು ಜೊತೆಗಿದ್ದಾಗ ಓಡಿಸು, ಯಾರು ಬೇಡ ಅಂದ್ರು?" ಎಂದ. ಜೊತೆಗೆ ಕೂತರೆ ಬ್ರೇಕು, ಹಾರನ್ನು, ಗುಂಡಿ ಎಂದು ದಾರಿಯುದ್ದಕ್ಕೂ ಅವನದೇ ಬಾಯಿ. ಫೋನಿಗೆ ಹಾಕಿಕೊಡಿ ಎಂದರೆ, ನಾಳೆ. ಆ ನಾಳೆ ನಾಲ್ಕು ತಿಂಗಳಾದರೂ ಬರಲಿಲ್ಲ.

ಒಂದು ಮಂಗಳವಾರ ಅವನು ಕಕ್ಷಿದಾರರೊಬ್ಬರ ಜೀಪಿನಲ್ಲಿ ಶಿವಮೊಗ್ಗಕ್ಕೆ ಹೋಗಿದ್ದ. ಕಾರು ಮನೆಯಲ್ಲೇ ಇತ್ತು. ಒಂಬತ್ತೂವರೆಗೆ ಚಿನ್ಮಯ ಚಿಕ್ಕಮ್ಮನಿಗೆ ಫೋನು ಮಾಡಿದ. ಅಮ್ಮನಿಗೆ ರಾತ್ರಿಯಿಂದ ಉಸಿರು ಎಳೆಯುತ್ತಿದೆ, ಆಸ್ಪತ್ರೆಗೆ ಬರಲ್ಲ ಅಂತಾಳೆ, ನಿಮ್ಮನ್ನೇ ಕೇಳ್ತಿದಾಳೆ. ಸುಬ್ಬಲಕ್ಷ್ಮಿ ಗಂಡನಿಗೆ ಫೋನು ಹಚ್ಚಿದಳು.

"ರೀ, ನೀವಲ್ಲಿಂದ್ಲೇ ಕಾರ್ ತೆಗೀಬಹುದಲ್ಲ? ತೆಗೀರಿ. ನಾನು ಹೊರಟ್ಬಿಡ್ತೀನಿ."

ಅವನು ತೆಗೆದ. ಅಷ್ಟು ಮಾತ್ರ ಸತ್ಯ. ಗುಂಡಿ ಒತ್ತಿದ, ಶಿಕಾರಿಪುರದಲ್ಲಿ ಕಾರು ಬೀಗ ಬಿಟ್ಟಿತು. ಸುಬ್ಬಲಕ್ಷ್ಮಿ ಚೀಲ ಹಿಂದಿನ ಸೀಟಿಗಿಟ್ಟು ಸ್ಟೀರಿಂಗಿನ ಮುಂದೆ ಕೂತಳು. ಬಾಗಿಲು ತೆರೆಯಲು ಒಂದು ಒತ್ತು, ಓಡಿಸಲು ಅನುಮತಿ ಕೊಡಲು ಇನ್ನೊಂದು ಒತ್ತು. ಆ ಎರಡನೆಯದರ ಮೇಲೆ ಮಧುಕೇಶ್ವರನ ಹೆಬ್ಬೆರಳು ನಿಂತುಬಿಟ್ಟಿತು. ಶಿರಾಳಕೊಪ್ಪದ ರಸ್ತೆ, ಮೆಕ್ಕೆಜೋಳದ ಲಾರಿಗಳು, ಒಂಟಿ ಹೆಂಗಸು ಎಂದೆಲ್ಲ ಆಮೇಲೆ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡದ್ದುಂಟು. ಅದು ನೆಪ. ತಾನಿಲ್ಲದೆ, ತನ್ನ ಜೇಬಿನಲ್ಲಿ ಕೀ ಇರುವಾಗಲೇ, ತನ್ನ ಕಾರು ಗೇಟು ದಾಟಿ ಹೋಗುವುದು ಅವನ ಹೊಟ್ಟೆಗೆ ಇಳಿಯಲಿಲ್ಲ. ಅವನು ಬೀಗ ಹಾಕುವ ಗುಂಡಿ ಒತ್ತಿದ.

"ಇಲ್ಲಿ ಆಫೀಸ್ ಒಳಗೆ ನೆಟ್‌ವರ್ಕ್ ಹೋಗ್ತಾ ಬರ್ತಾ ಇದೆ ಲಕ್ಷ್ಮೀ. ಸ್ವಲ್ಪ ಇರು, ಮತ್ತೆ ನೋಡ್ತೀನಿ," ಎಂದು ಫೋನಿಟ್ಟ.

ಅವಳು ಇದ್ದಳು. ಹೊರಡದ ಕಾರಿನಲ್ಲಿ ಇಪ್ಪತ್ತೈದು ನಿಮಿಷ ಕೂತಿದ್ದಳು. ಅಷ್ಟರಲ್ಲಿ ಸೊರಬಕ್ಕೆ ನೇರ ಹೋಗುವ ಹತ್ತು ಗಂಟೆಯ ಬಸ್ಸು ತಪ್ಪಿತು. ಎರಡನೆಯ ಸಲ ಫೋನು ಮಾಡಿದಾಗ ಅವನು, ಬಸ್ಸಿಗೆ ಹೋಗಿಬಿಡು, ಸಂಜೆ ನಾನೂ ಬರ್ತೀನಿ ಎಂದ. ಅವಳು ಸರಿ ಎಂದಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಸೊರಬದಲ್ಲಿ ಮುಕ್ಕಾಲು ಗಂಟೆ ನಿಂತು, ಚಂದ್ರಗುತ್ತಿ ಮುಟ್ಟುವಾಗ ಎರಡೂಮುಕ್ಕಾಲು. ಶ್ರೀಲತಾ ಒಂದೂವರೆಗೆ ಹೋಗಿಬಿಟ್ಟಿದ್ದಳು. ಕಾರಿನಲ್ಲಾಗಿದ್ದರೆ ಹನ್ನೆರಡಕ್ಕೆ ಮೊದಲೇ ಅಲ್ಲಿರುತ್ತಿದ್ದಳು.

ಸಂಜೆ ಬಂದ ಮಧುಕೇಶ್ವರನಿಗೆ ಚಿನ್ಮಯ ಅಂಗಳದಲ್ಲಿ ನಿಂತು ಹೇಳಿದ. "ಚಿಕ್ಕಮ್ಮ ಕಾರ್ ತಗಂಡು ಹೊರಟೆ ಅಂದಿದ್ರು ಚಿಕ್ಕಪ್ಪ. ಅಮ್ಮಂಗೆ ಹೇಳಿದ್ವಿ. ಅವಳು ಕಾರಲ್ಲಿ ಬರ್ತಾಳೆ, ಗೇಟ್ ತೆಗೆದಿಡ್ರೋ ಅಂತ ಮೂರು ಸಲ ಅಂದ್ಲು. ತೆಗೆದೇ ಇಟ್ಟಿದ್ವಿ." ಮಧುಕೇಶ್ವರ ಇನ್ನೂ ತೆರೆದೇ ಇದ್ದ ಗೇಟಿನ ಕಡೆ ನೋಡಿದ. ಹೋದ ಜೀವಕ್ಕಿಂತ, ಹೀಗೆ ದಾರಿ ಕಾದದ್ದು ಅವನನ್ನು ಒಳಗೊಳಗೇ ಕೊರೆಯತೊಡಗಿತು.

ಹದಿಮೂರನೆಯ ದಿನ ನೆಂಟರು ಕೇಳಿದರೆ ಸುಬ್ಬಲಕ್ಷ್ಮಿ, "ಇವ್ರು ಅಲ್ಲಿಂದ್ಲೇ ಬಾಗಿಲು ತೆಗೆದ್ರು ಪಾಪ. ಆಮೇಲೆ ನೆಟ್‌ವರ್ಕ್ ಕೈ ಕೊಡ್ತಂತೆ," ಎಂದಳು. ಪಾಪ ಎಂದಾಗಲೆಲ್ಲ ಅವನ ಮುಖದ ಮೇಲೆ ಬಿಸಿನೀರು ಚೆಲ್ಲಿದ ಹಾಗಾಗುತ್ತಿತ್ತು. ಅವಳು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಮಾಳೇಶ ದಾರಿಯಲ್ಲಿ ಸಿಕ್ಕಿ, "ಅಮ್ಮಾರು ಗಾಡಿ ಬಿಡಂಗಿಲ್ಲೇನ್ರಿ ಈಗ?" ಎಂದು ಕೇಳಿದಾಗ, ಕೆಲಸವಿದೆ ಎಂದು ಮಧುಕೇಶ್ವರ ಅಡ್ಡರಸ್ತೆಗೆ ತಿರುಗಿಕೊಂಡ. ಕಕ್ಷಿದಾರರಿಗೆ ಫೋನು ತೋರಿಸುವುದನ್ನೂ ಬಿಟ್ಟ. ಹೇಳಿಬಿಡಬೇಕು ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಹೇಳಲು ಹೋದವನು ಹಾಲಿನ ಲೆಕ್ಕ ಕೇಳಿ ವಾಪಸು ಬರುತ್ತಿದ್ದ.

ಹನ್ನೊಂದು ತಿಂಗಳು ಹೀಗೆ ಕಳೆದವು. ಒಂದು ಭಾನುವಾರ ಬೆಳಿಗ್ಗೆ ಅವನು ಟ್ರಂಕು ತೆಗೆದ. ಕಾರ್ಡನ್ನು ತಂದು, ಊಟದ ಮೇಜಿನಲ್ಲಿ ಸೊಪ್ಪು ಸೋಸುತ್ತಿದ್ದ ಹೆಂಡತಿಯ ಮುಂದಿಟ್ಟ.

"ಇದು ನಿಂದು. ನಿನ್ನ ಫೋನಿಗೂ ಹಾಕಿಕೊಡ್ತೀನಿ, ಕೊಡು." ಅವಳು ಕೈ ಒರೆಸಿಕೊಳ್ಳಲಿಲ್ಲ. ಅವನು ಕುರ್ಚಿ ಹಿಡಿದುಕೊಂಡು ನಿಂತ. "ಲಕ್ಷ್ಮೀ, ಅವತ್ತು ನೆಟ್‌ವರ್ಕ್ ಇತ್ತು. ನಾನೇ ಬೀಗ ಹಾಕಿದ್ದು."

"ಗೊತ್ತು."

ಅವನಿಗೆ ಅರ್ಥವಾಗಲಿಲ್ಲ.

"ನಾನು ಒಳಗೇ ಕೂತಿದ್ನಲ್ಲ ರೀ. ಎರಡೂ ಕಡೆ ಕನ್ನಡಿ ಮಡಚ್ಕಂಡ್ವು. ನೆಟ್‌ವರ್ಕ್ ಹೋದ್ರೆ ಅವು ಮಡಚ್ಕಳಲ್ಲ, ಬೀಗ ಹಾಕಿದ್ರೆ ಮಾತ್ರ. ದಿನಾ ಅಡುಗೆ ಮನೆ ಕಿಟಕೀಲಿ ನೋಡ್ತಿರ್ಲಿಲ್ವಾ ನಾನು, ನೀವು ಕಚೇರೀಲಿ ಕೂತು ಆಟ ಆಡೋವಾಗ?"

"ಗೊತ್ತಿದ್ದೂ ಅಲ್ಲೇ ಯಾಕೆ ಕೂತಿದ್ದೆ?"

"ಮತ್ತೆ ತೆಗೀತೀರಿ ಅಂದ್ಕಂಡೆ."

ಅವಳ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ತಪ್ಪಾಯ್ತು ಎಂದ, ಎರಡು ಸಲ ಎಂದ. ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಕಾರ್ಡನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದ.

"ಇಟ್ಕೋ. ಎಲ್ಲಿಗೆ ಬೇಕಾದ್ರೂ ಹೋಗು, ನಾನು ಕೇಳಲ್ಲ."

"ಅಕ್ಕನ ಮನೆಗೆ ಹೋಗಕ್ಕೆ ಬೇಕಾಗಿತ್ತು ರೀ," ಎಂದಳು ಸುಬ್ಬಲಕ್ಷ್ಮಿ. "ಈಗ ಎಲ್ಲಿಗೆ ಹೋಗ್ಲಿ?"

ಅವಳು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಕಾರ್ಡು ಅಲ್ಲೇ ಇತ್ತು. ಅವನು ಅದನ್ನು ತೆಗೆಯಲಿಲ್ಲ, ಅವಳು ಮುಟ್ಟಲಿಲ್ಲ. ಮಧ್ಯಾಹ್ನ ಅವನ ತಟ್ಟೆ ಇಡಲು ಜಾಗ ಬೇಕಾದಾಗ ಅವಳು ಅದನ್ನು ಉಪ್ಪಿನಕಾಯಿ ಭರಣಿಯ ಪಕ್ಕಕ್ಕೆ ಸರಿಸಿ, ಅನ್ನ ಬಡಿಸಿದಳು.