ಏರಿ ಮೇಲಿನ ಹಸಿರು ಹುಲ್ಲು

ಮುತ್ತಿನಕೊಪ್ಪದ ಕಡೆಯ ಒಂದು ಹಳೇ ಕೆರೆಯಲ್ಲಿ ದೋಣಿವಿಹಾರ ಶುರುಮಾಡುತ್ತಾರೆಂದು ಅದರ ಮಣ್ಣಿನ ಏರಿ ನೋಡಿ ಬರಲು ಇಂಜಿನಿಯರ್ ಆದ ನನ್ನನ್ನು ಕಳಿಸಿದ್ದರು. ಕೆರೆ ಸಮಿತಿಯ ಅಧ್ಯಕ್ಷರು ಏರಿಯ ಹೊರಮೈ ತೋರಿಸಿ, "ನೋಡಿ ಸಾರ್, ಏಪ್ರಿಲ್‌ನಲ್ಲೂ ಎಂಥ ಹಸಿರು ಹುಲ್ಲು. ನಾವು ಒಂದು ಹನಿ ನೀರು ಹಾಕಿಲ್ಲ" ಎಂದು ಬೀಗಿದರು.

ಕಾಲಿಟ್ಟೆ. ಬೂಟು ಹೂತುಹೋಯಿತು.

"ಕೆರೆಯೇ ಹಾಕ್ತಾ ಇದೆ. ಏರಿ ಒಳಗಿಂದ ಸೋರ್ತಿದೆ. ನೀರು ಇಳಿಸಿ ರಿಪೇರಿ ಮಾಡಿಸಿ, ಕೆಳಗೆ ಮನೆಗಳಿವೆ" ಎಂದೆ.

"ನೀರು ಇಳಿಸಿದ್ರೆ ದೋಣಿ ಎಲ್ಲಿ ಬಿಡೋದು ಮಾರಾಯ್ರೆ? ಭಾನುವಾರ ಉದ್ಘಾಟನೆ."

ಆ ಜಾಗದಲ್ಲಿ ಜನ ತುಳಿದಾಡುವುದನ್ನಾದರೂ ತಪ್ಪಿಸಿ ಎಂದೆ. ಅದಕ್ಕೆ ಒಪ್ಪಿದರು.

ಮರುವಾರ ಹೋದರೆ ಕೆರೆ ತುಂಬ ದೋಣಿಗಳು. ಸೋರುವ ಜಾಗದಲ್ಲಿ ಬಣ್ಣದ ಬೋರ್ಡು ನೆಟ್ಟಿದ್ದರು: 'ಹುಲ್ಲಿನ ಮೇಲೆ ನಡೆಯಬೇಡಿ.' ನನ್ನ ಮಾತು ಕೇಳಲಿಲ್ಲ ಎನ್ನುವ ಹಾಗೂ ಇರಲಿಲ್ಲ.